ವಿಸ್ತೃತ ಕಡತ ಗುಣಲಕ್ಷಣಗಳ ಸ್ವಯಂಚಾಲಿತ ನಿರ್ವಹಣೆ

ವಿಸ್ತೃತ ಕಡತ ಗುಣಲಕ್ಷಣಗಳು ಎಂದರೆ ಗಣಕಯಂತ್ರದಲ್ಲಿರುವ ಒಂದು ಕಡತಕ್ಕೆ ಸಂಬಂಧಿಸಿದಂತೆ, ಆದರೆ ಆ ಕಡತದ ಒಳಗಿನ ಪಠ್ಯ, ಚಿತ್ರ ಅಥವಾ ಧ್ವನಿಗೆ ಸೇರದಂತೆ, ಕಡತ ವ್ಯವಸ್ಥೆಯು ಪ್ರತ್ಯೇಕವಾಗಿ ಇರಿಸಿಕೊಳ್ಳುವ ಹೆಸರು ಮತ್ತು ಮೌಲ್ಯಗಳ ಜೋಡಿಗಳು. ಲಿನಕ್ಸ್ ಕಾರ್ಯನಿರ್ವಹಣ ವ್ಯವಸ್ಥೆಯಲ್ಲಿ ಇವುಗಳನ್ನು ಸಂಕ್ಷಿಪ್ತವಾಗಿ 'ಎಕ್ಸ್‌ಆಟರ್' ಎಂದು ಕರೆಯುವುದು ರೂಢಿ. ಒಂದೆರಡು ಕಡತಗಳ ಗುಣಲಕ್ಷಣಗಳನ್ನು ಕೈಯಾರೆ ಆಜ್ಞೆ ನೀಡಿ ಬರೆಯಬಹುದು. ಹಲವು ಗಣಕಗಳಲ್ಲಿ ಹರಡಿರುವ ನೂರಾರು ಕಡತಗಳಿಗೆ ಅವುಗಳನ್ನು ಬರೆಯಲು, ಪರಿಶೀಲಿಸಲು ಮತ್ತು ಕಳೆದುಹೋದಾಗ ಮತ್ತೆ ಬರೆಯಲು ಆನ್ಸಿಬಲ್‌ನಂತಹ ಸ್ವಯಂಚಾಲನ ಸಾಧನಗಳನ್ನು ಬಳಸಲಾಗುತ್ತದೆ. ಕನ್ನಡದಲ್ಲಿ ಬರೆದ ಮೌಲ್ಯಗಳನ್ನು ಈ ಸಾಧನಗಳು ನಡೆಸಿಕೊಳ್ಳುವ ರೀತಿಯಲ್ಲಿ ಒಂದು ವಿಶೇಷ ತೊಡಕಿದ್ದು, ಅದನ್ನು ಈ ಲೇಖನದಲ್ಲಿ ಪ್ರತ್ಯೇಕವಾಗಿ ವಿವರಿಸಲಾಗಿದೆ.

ಪರಿಕಲ್ಪನೆ

ಪ್ರತಿಯೊಂದು ಕಡತಕ್ಕೂ ಕಡತ ವ್ಯವಸ್ಥೆಯು ಕೆಲವು ವಿವರಗಳನ್ನು ತಾನಾಗಿಯೇ ದಾಖಲಿಸುತ್ತದೆ: ಗಾತ್ರ, ಒಡೆಯ, ಓದುವ ಮತ್ತು ಬರೆಯುವ ಅನುಮತಿ, ಕೊನೆಯ ಬಾರಿ ತಿದ್ದಿದ ಸಮಯ ಇತ್ಯಾದಿ. ಇವು ನಿಶ್ಚಿತವಾದ ಅಂಕಣಗಳು. ಬಳಕೆದಾರನು ಹೊಸ ಅಂಕಣವೊಂದನ್ನು ಇವುಗಳಿಗೆ ಸೇರಿಸಲಾರ. ವಿಸ್ತೃತ ಗುಣಲಕ್ಷಣಗಳು ಈ ಕೊರತೆಯನ್ನು ತುಂಬುತ್ತವೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅಚ್ಚಾದ ಅಂಕಣಗಳಲ್ಲದೆ 'ಷರಾ' ಎಂಬ ಖಾಲಿ ಅಂಕಣವೊಂದು ಇರುವುದನ್ನು ಇದಕ್ಕೆ ಹೋಲಿಸಬಹುದು. ವ್ಯತ್ಯಾಸವೇನೆಂದರೆ ಇಲ್ಲಿ ಒಂದಲ್ಲ, ಬೇಕಾದಷ್ಟು ಷರಾಗಳನ್ನು ಬೇರೆ ಬೇರೆ ಹೆಸರಿನಲ್ಲಿ ಬರೆಯಬಹುದು.

ಒಂದು ಉದಾಹರಣೆಯಿಂದ ಇದರ ಉಪಯೋಗ ಸ್ಪಷ್ಟವಾಗುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯ ಉಪ್ಪಿನಂಗಡಿಯು ನೇತ್ರಾವತಿ ಮತ್ತು ಕುಮಾರಧಾರಾ ನದಿಗಳ ಸಂಗಮದಲ್ಲಿರುವ ಊರು. ಇಲ್ಲಿ 1923ರಲ್ಲಿಯೂ 1974ರಲ್ಲಿಯೂ ದೊಡ್ಡ ನೆರೆ ಬಂದಿತ್ತು. ನೆರೆಯ ನೀರು ಆವರಿಸಿದ ಬೀದಿಯ ಹಳೆಯ ಛಾಯಾಚಿತ್ರವೊಂದನ್ನು ಸ್ಕ್ಯಾನ್ ಮಾಡಿ ಕಡತವಾಗಿ ಉಳಿಸಿದರೆ, ಗಣಕವು ಅದಕ್ಕೆ ನಮೂದಿಸುವುದು ಸ್ಕ್ಯಾನ್ ಮಾಡಿದ ದಿನಾಂಕವನ್ನು. ಚಿತ್ರವು ಯಾವ ನೆರೆಯದು, ಎಲ್ಲಿ ನಿಂತು ತೆಗೆದದ್ದು, ಯಾವ ಮನೆಯ ಆಲ್ಬಮ್ಮಿನಿಂದ ಬಂದದ್ದು ಎಂಬುದು ಮೂಲ ಚಿತ್ರದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿರಬಹುದು. ಸ್ಕ್ಯಾನ್ ಆದ ಕಡತಕ್ಕೆ ಬೆನ್ನು ಇರುವುದಿಲ್ಲ. ವಿಸ್ತೃತ ಗುಣಲಕ್ಷಣವು ಕಡತಕ್ಕೆ ಅಂತಹ ಬೆನ್ನೊಂದನ್ನು ಒದಗಿಸುತ್ತದೆ. ಆದರೆ ಅದು ಕಡತಕ್ಕೆ ಸಡಿಲವಾಗಿ ಅಂಟಿದ ಚೀಟಿಯಂತಿದ್ದು, ಅಜಾಗರೂಕತೆಯಿಂದ ನಕಲು ಮಾಡಿದಾಗ ಸದ್ದಿಲ್ಲದೆ ಉದುರಿಹೋಗುತ್ತದೆ. ಚಿತ್ರ ಉಳಿದು ವರ್ಷ ಕಳೆದುಹೋದರೆ, ಅದು 1923ರದೋ 1974ರದೋ ಎಂದು ಹೇಳಬಲ್ಲವರು ಮುಂದೆ ಇರಲಾರರು. ಸ್ವಯಂಚಾಲಿತ ನಿರ್ವಹಣೆಯ ಅಗತ್ಯ ಹುಟ್ಟುವುದು ಇಲ್ಲಿ.

ಛಾಯಾಚಿತ್ರಗಳ ಕಡತಗಳಲ್ಲಿ ಇಂತಹ ವಿವರಗಳನ್ನು ಕಡತದ ಒಳಗೇ ಬರೆಯುವ ಎಕ್ಸಿಫ್, ಎಕ್ಸ್‌ಎಂಪಿ ಎಂಬ ಪದ್ಧತಿಗಳೂ ಇವೆ. ಅವು ಕಡತದ ಭಾಗವೇ ಆಗಿರುವುದರಿಂದ ನಕಲಿನಲ್ಲಿ ಕಳೆಯುವುದಿಲ್ಲ. ಸಾಧ್ಯವಿರುವಲ್ಲಿ ಮುಖ್ಯ ವಿವರಗಳನ್ನು ಅವುಗಳಲ್ಲಿಯೂ ಬರೆಯುವುದು ವಿವೇಕ. ಆದರೆ ಸರಳ ಪಠ್ಯ ಕಡತಗಳಂತಹವುಗಳಲ್ಲಿ ಆ ಸೌಲಭ್ಯವಿಲ್ಲ. ಅಲ್ಲದೆ ಮೂಲ ಕಡತದ ಒಂದು ಬೈಟನ್ನೂ ಬದಲಿಸಬಾರದೆಂಬ ನಿಯಮವಿರುವ ಸಂಗ್ರಹಗಳಲ್ಲಿ ವಿಸ್ತೃತ ಗುಣಲಕ್ಷಣವು ಅನುಕೂಲಕರ, ಏಕೆಂದರೆ ಅದನ್ನು ಬರೆದರೂ ಕಡತದ ಒಳಗಿನ ದತ್ತಾಂಶ ಬದಲಾಗುವುದಿಲ್ಲ.

ಇತಿಹಾಸ

ಈ ಕಲ್ಪನೆ ಲಿನಕ್ಸ್‌ಗಿಂತ ಹಳೆಯದು. 1980ರ ದಶಕದ ಕೊನೆಯಲ್ಲಿ ಬಂದ ಓಎಸ್/2 ವ್ಯವಸ್ಥೆಯಲ್ಲಿ ವಿಸ್ತೃತ ಗುಣಲಕ್ಷಣಗಳಿದ್ದವು. 1990ರ ದಶಕದ ಬಿಓಎಸ್ ವ್ಯವಸ್ಥೆ ಇನ್ನೂ ಮುಂದೆ ಹೋಗಿ, ಪ್ರತಿಯೊಂದು ಮಿಂಚಂಚೆಯನ್ನೂ ಒಂದು ಕಡತವಾಗಿರಿಸಿ, ಕಳುಹಿಸಿದವರ ಹೆಸರು, ವಿಷಯ ಮುಂತಾದವನ್ನು ಗುಣಲಕ್ಷಣಗಳಾಗಿ ಬರೆದು, ಅವುಗಳ ಮೇಲೆ ಹುಡುಕಾಟ ನಡೆಸುವ ವ್ಯವಸ್ಥೆಯನ್ನು ಕಡತ ವ್ಯವಸ್ಥೆಯಲ್ಲಿಯೇ ಅಳವಡಿಸಿತ್ತು. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಇದೇ ಉದ್ದೇಶಕ್ಕೆ 'ಪರ್ಯಾಯ ದತ್ತಾಂಶ ಪ್ರವಾಹ' ಎಂಬ ಬೇರೆ ಏರ್ಪಾಡು ಇದೆ. ಅಂತರಜಾಲದಿಂದ ಇಳಿಸಿಕೊಂಡ ಕಡತವನ್ನು ತೆರೆಯುವಾಗ ವಿಂಡೋಸ್ ಎಚ್ಚರಿಕೆ ನೀಡುವುದು ಆ ಪ್ರವಾಹದಲ್ಲಿ ಬರೆದ ಗುರುತಿನ ಆಧಾರದಿಂದ. ಆಪಲ್ ಗಣಕಗಳಲ್ಲಿ ವಿಸ್ತೃತ ಗುಣಲಕ್ಷಣಗಳು 2005ರ ಟೈಗರ್ ಆವೃತ್ತಿಯಿಂದ ಬಳಕೆಗೆ ಬಂದವು.

ಲಿನಕ್ಸ್‌ನ ಮುಖ್ಯ ವಾಹಿನಿಗೆ ಇವು ಸೇರಿದ್ದು 2.6 ಸರಣಿಯ ಸಿದ್ಧತೆಯ ಕಾಲದಲ್ಲಿ. ಇಂದು ಎಕ್ಸ್ಟ್4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಮುಂತಾದ ಪ್ರಮುಖ ಕಡತ ವ್ಯವಸ್ಥೆಗಳೆಲ್ಲವೂ ಇವುಗಳನ್ನು ಬೆಂಬಲಿಸುತ್ತವೆ. ಜಾಲದ ಮೂಲಕ ಕಡತಗಳನ್ನು ಹಂಚಿಕೊಳ್ಳುವ ಎನ್‌ಎಫ್‌ಎಸ್‌ಗೆ ಬಳಕೆದಾರರ ಗುಣಲಕ್ಷಣಗಳನ್ನು ಸಾಗಿಸುವ ನಿಯಮಾವಳಿ 2017ರಲ್ಲಿ ಪ್ರಕಟವಾಗಿ, 2020ರಲ್ಲಿ ಬಂದ ಲಿನಕ್ಸ್ 5.9ರಲ್ಲಿ ಜಾರಿಗೆ ಬಂತು.

ನಾಲ್ಕು ವರ್ಗಗಳು

ಲಿನಕ್ಸ್‌ನಲ್ಲಿ ಪ್ರತಿಯೊಂದು ಗುಣಲಕ್ಷಣದ ಹೆಸರೂ ಒಂದು ವರ್ಗನಾಮದಿಂದ ಆರಂಭವಾಗುತ್ತದೆ. ವರ್ಗನಾಮಕ್ಕೂ ಉಳಿದ ಹೆಸರಿಗೂ ನಡುವೆ ಒಂದು ಚುಕ್ಕೆ ಇರುತ್ತದೆ. ಈ ವರ್ಗಗಳಿಗೆ 'ನೇಮ್‌ಸ್ಪೇಸ್' ಎಂದು ಹೆಸರು. 'ಯೂಸರ್' ವರ್ಗವು ಸಾಮಾನ್ಯ ಬಳಕೆದಾರರಿಗೆ ಮೀಸಲು; ಕಡತಕ್ಕೆ ಬರೆಯುವ ಅನುಮತಿ ಇರುವವರು ಇದರಲ್ಲಿ ಏನನ್ನಾದರೂ ಬರೆಯಬಹುದು. 'ಟ್ರಸ್ಟೆಡ್' ವರ್ಗವನ್ನು ನೋಡಲು ಮತ್ತು ಬರೆಯಲು ನಿರ್ವಾಹಕನ ಅಧಿಕಾರ ಬೇಕು. 'ಸಿಸ್ಟಮ್' ವರ್ಗದಲ್ಲಿ ಲಿನಕ್ಸ್ ತಿರುಳು ಕಡತದ ಪ್ರವೇಶ ಪಟ್ಟಿಯನ್ನು, ಎಂದರೆ ಯಾವ ಬಳಕೆದಾರನಿಗೆ ಯಾವ ಅನುಮತಿ ಎಂಬ ವಿವರವಾದ ಯಾದಿಯನ್ನು ಇರಿಸುತ್ತದೆ. 'ಸೆಕ್ಯುರಿಟಿ' ವರ್ಗದಲ್ಲಿ ಭದ್ರತಾ ವ್ಯವಸ್ಥೆಗಳ ಗುರುತುಗಳಿರುತ್ತವೆ: ಎಸ್‌ಇಲಿನಕ್ಸ್‌ನ ಲೇಬಲ್, ತಂತ್ರಾಂಶವೊಂದಕ್ಕೆ ನೀಡಿದ ವಿಶೇಷ ಸಾಮರ್ಥ್ಯ ಇತ್ಯಾದಿ.

ಯೂಸರ್ ವರ್ಗದ ಗುಣಲಕ್ಷಣಗಳನ್ನು ಸಾಮಾನ್ಯ ಕಡತಗಳಿಗೆ ಮತ್ತು ಕಡತಕೋಶಗಳಿಗೆ ಮಾತ್ರ ನೀಡಬಹುದು. ಬೇರೊಂದು ಕಡತದತ್ತ ಬೆರಳು ತೋರಿಸುವ ಸಾಂಕೇತಿಕ ಕೊಂಡಿಗಳಿಗೆ ನೀಡಲಾಗದು. ಈ ವರ್ಗದಲ್ಲಿ ಯಾವ ಹೆಸರನ್ನಾದರೂ ಇಟ್ಟುಕೊಳ್ಳಬಹುದಾದರೂ, ಎಲ್ಲರೂ ತಮಗೆ ತೋಚಿದ ಹೆಸರಿಟ್ಟರೆ ಒಬ್ಬರ ಸಂಗ್ರಹ ಇನ್ನೊಬ್ಬರಿಗೆ ಅರ್ಥವಾಗದು. ಆದುದರಿಂದ ಶೀರ್ಷಿಕೆ, ಕರ್ತೃ, ದಿನಾಂಕ ಮುಂತಾದವುಗಳಿಗೆ ಗ್ರಂಥಾಲಯ ವಿಜ್ಞಾನದಲ್ಲಿ ಪ್ರಚಲಿತವಿರುವ ಡಬ್ಲಿನ್ ಕೋರ್ ಪದ್ಧತಿಯ ಹೆಸರುಗಳನ್ನೇ ಬಳಸುವ ವಾಡಿಕೆಯಿದೆ. (ಇಲ್ಲಿನ ಡಬ್ಲಿನ್ ಐರ್ಲೆಂಡಿನ ರಾಜಧಾನಿಯಲ್ಲ, ಅಮೆರಿಕದ ಒಹಾಯೊ ಸಂಸ್ಥಾನದ ಒಂದು ಪಟ್ಟಣ. 1995ರಲ್ಲಿ ಅಲ್ಲಿ ನಡೆದ ಕಾರ್ಯಾಗಾರದಿಂದ ಈ ಹೆಸರು ಬಂದಿದೆ.) ಗುಣಲಕ್ಷಣದ ಹೆಸರನ್ನು ರೋಮನ್ ಲಿಪಿಯಲ್ಲಿರಿಸಿ ಮೌಲ್ಯವನ್ನು ಕನ್ನಡದಲ್ಲಿ ಬರೆಯುವುದು ಪ್ರಾಯೋಗಿಕವಾಗಿ ಅನುಕೂಲ.

ಸ್ಥಳಮಿತಿ ಮತ್ತು ಕನ್ನಡ ಲಿಪಿ

ಲಿನಕ್ಸ್ ತಿರುಳು ಗುಣಲಕ್ಷಣದ ಹೆಸರಿಗೆ 255 ಬೈಟ್ ಮತ್ತು ಒಂದು ಮೌಲ್ಯಕ್ಕೆ 64 ಕಿಲೋಬೈಟ್ ಮಿತಿಯನ್ನು ವಿಧಿಸಿದೆ. ಆದರೆ ವಾಸ್ತವದಲ್ಲಿ ಕಡತ ವ್ಯವಸ್ಥೆಯ ಮಿತಿ ಇನ್ನೂ ಬಿಗಿಯಾಗಿರಬಹುದು. ಹೆಚ್ಚು ಬಳಕೆಯಲ್ಲಿರುವ ಎಕ್ಸ್ಟ್4ರಲ್ಲಿ, ವಿಶೇಷ ಏರ್ಪಾಡು ಮಾಡದಿದ್ದರೆ, ಒಂದು ಕಡತದ ಗುಣಲಕ್ಷಣಗಳೆಲ್ಲವೂ ಸೇರಿ ಸರಿಸುಮಾರು ಒಂದು ಬ್ಲಾಕಿನಲ್ಲಿ, ಸಾಮಾನ್ಯವಾಗಿ 4096 ಬೈಟ್‌ಗಳಲ್ಲಿ, ಅಡಕವಾಗಬೇಕು. ಅದನ್ನು ಮೀರಿದರೆ 'ಸಾಧನದಲ್ಲಿ ಸ್ಥಳವಿಲ್ಲ' ಎಂಬ ದೋಷಸಂದೇಶ ಬರುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿರುವಾಗಲೂ ಈ ಸಂದೇಶ ಕಾಣುವುದರಿಂದ ಹೊಸಬರು ಗಲಿಬಿಲಿಗೊಳ್ಳುವುದುಂಟು.

ಕನ್ನಡದ ಮಟ್ಟಿಗೆ ಈ ಲೆಕ್ಕ ಮುಖ್ಯವಾದುದು. ಯೂನಿಕೋಡ್‌ನ ಯುಟಿಎಫ್-8 ಬರವಣಿಗೆಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಸಂಕೇತವೆಂದರೆ ನಾವು ಓದುವ ಅಕ್ಷರವಲ್ಲ. ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರವನ್ನು ಉಂಟುಮಾಡುವ ಹಲಂತ, ಅನುಸ್ವಾರ ಇವು ಪ್ರತಿಯೊಂದೂ ಬೇರೆ ಬೇರೆ ಸಂಕೇತಗಳು. 'ಉಪ್ಪಿನಂಗಡಿ' ಎಂಬ ಪದ ಕಣ್ಣಿಗೆ ಐದು ಅಕ್ಷರ. ಬಿಡಿಸಿ ನೋಡಿದರೆ ಉ, ಪ, ಹಲಂತ, ಪ, ಇಕಾರದ ಗುಡಿಸು, ನ, ಅನುಸ್ವಾರ, ಗ, ಡ, ಮತ್ತೊಂದು ಗುಡಿಸು ಎಂದು ಹತ್ತು ಸಂಕೇತಗಳು. ಎಂದರೆ 30 ಬೈಟ್‌ಗಳು.

ಕಡತದ ಹೆಸರಿಗೂ ಲಿನಕ್ಸ್‌ನ ಸಾಮಾನ್ಯ ಕಡತ ವ್ಯವಸ್ಥೆಗಳಲ್ಲಿ 255 ಬೈಟ್‌ಗಳ ಮಿತಿ ಇದೆ. ಕನ್ನಡದಲ್ಲಿ ಅದು 85 ಸಂಕೇತಗಳಿಗೆ ಸಮ. 'ಉಪ್ಪಿನಂಗಡಿ'ಯ ಲೆಕ್ಕದಲ್ಲಿ ಹೇಳುವುದಾದರೆ ನಲವತ್ತು ಚಿಲ್ಲರೆ ಅಕ್ಷರಗಳು. ಊರು, ಸಂದರ್ಭ, ವರ್ಷ, ಚಿತ್ರ ಒದಗಿಸಿದವರ ಹೆಸರು ಎಲ್ಲವನ್ನೂ ಕಡತದ ಹೆಸರಿನಲ್ಲಿಯೇ ತುರುಕುವ ಅಭ್ಯಾಸ ಕನ್ನಡದಲ್ಲಿ ಬೇಗನೆ ಗೋಡೆಗೆ ತಾಗುತ್ತದೆ. 4096 ಬೈಟ್‌ಗಳ ಗುಣಲಕ್ಷಣದಲ್ಲಾದರೋ ಗರಿಷ್ಠ 1365 ಕನ್ನಡ ಸಂಕೇತಗಳು ಹಿಡಿಯುತ್ತವೆ. ಒಂದು ಚಿತ್ರದ ವಿವರಣೆಗೆ ಅಷ್ಟು ಧಾರಾಳ. ಪ್ರಬಂಧ ಬರೆಯಲು ಸಾಲದು.

ಗುಣಲಕ್ಷಣಗಳು ಕಳೆದುಹೋಗುವ ಸಂದರ್ಭಗಳು

ಒಂದೇ ಕಡತ ವ್ಯವಸ್ಥೆಯ ಒಳಗೆ ಕಡತವನ್ನು ಸ್ಥಳಾಂತರಿಸಿದರೆ ಅಥವಾ ಅದರ ಹೆಸರು ಬದಲಿಸಿದರೆ ಗುಣಲಕ್ಷಣಗಳು ಹಾಗೆಯೇ ಉಳಿಯುತ್ತವೆ. ನಕಲು ಮಾಡುವಾಗ ಹಾಗಲ್ಲ. ಲಿನಕ್ಸ್‌ನ 'ಸಿಪಿ' ಆಜ್ಞೆಯು ಯಾವ ಆಯ್ಕೆಯನ್ನೂ ನೀಡದಿದ್ದರೆ ಕಡತದ ಒಳಗಿನದನ್ನು ಮಾತ್ರ ನಕಲಿಸುತ್ತದೆ. ಸಣ್ಣ 'ಎ' ಆಯ್ಕೆ ನೀಡಿದರೆ ಗುಣಲಕ್ಷಣಗಳನ್ನೂ ಒಯ್ಯುತ್ತದೆ. 'ಆರ್‌ಸಿಂಕ್' ಸಾಧನದಲ್ಲಿ ಅದೇ ಸಣ್ಣ 'ಎ' ಸಾಲದು, ದೊಡ್ಡ 'ಎಕ್ಸ್' ಆಯ್ಕೆಯನ್ನು ಬೇರೆಯಾಗಿ ಕೊಡಬೇಕು. ಒಂದೇ ಅಕ್ಷರಕ್ಕೆ ಎರಡು ಸಾಧನಗಳಲ್ಲಿ ಎರಡು ಅರ್ಥವಿರುವ ಈ ಸ್ಥಿತಿ ಅನೇಕ ಸಂಗ್ರಹಗಳ ಷರಾಗಳನ್ನು ನುಂಗಿದೆಯೆಂದು ಧಾರಾಳವಾಗಿ ಊಹಿಸಬಹುದು. 'ಟಾರ್' ಗಂಟು ಕಟ್ಟುವಾಗಲೂ ಬಿಚ್ಚುವಾಗಲೂ ಗುಣಲಕ್ಷಣಗಳನ್ನು ಉಳಿಸಬೇಕೆಂದು ಸ್ಪಷ್ಟವಾಗಿ ತಿಳಿಸಬೇಕಾಗುತ್ತದೆ. ಗಿಟ್ ಭಂಡಾರಗಳು ಇವುಗಳನ್ನು ದಾಖಲಿಸುವುದೇ ಇಲ್ಲ. ಮಿಂಚಂಚೆಗೆ ಲಗತ್ತಿಸಿದ ಕಡತದೊಂದಿಗೂ ಇವು ಹೋಗುವುದಿಲ್ಲ.

ಪೆನ್ ಡ್ರೈವ್‌ಗಳದು ಬೇರೆಯೇ ಕಥೆ. ಅವುಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ಮತ್ತು ಎಕ್ಸ್‌ಫ್ಯಾಟ್ ವ್ಯವಸ್ಥೆಗಳನ್ನು ಲಿನಕ್ಸ್‌ನಲ್ಲಿ ಜೋಡಿಸಿದಾಗ ವಿಸ್ತೃತ ಗುಣಲಕ್ಷಣಗಳಿಗೆ ಅವಕಾಶವಿಲ್ಲ. ಚಿತ್ರಗಳನ್ನು ಪೆನ್ ಡ್ರೈವ್‌ನಲ್ಲಿ ಒಯ್ದು ಇನ್ನೊಂದು ಗಣಕದಲ್ಲಿ ಇಳಿಸಿದರೆ ಚಿತ್ರಗಳೆಲ್ಲ ಕ್ಷೇಮವಾಗಿ ತಲುಪಿರುತ್ತವೆ, ಷರಾಗಳೆಲ್ಲ ಹಿಂದೆ ಉಳಿದಿರುತ್ತವೆ.

ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಕಾರಣವಿದೆ. ಅನೇಕ ಸಂಪಾದಕ ತಂತ್ರಾಂಶಗಳು ಕಡತವನ್ನು ಉಳಿಸುವಾಗ ಹಳೆಯ ಕಡತದ ಮೇಲೆಯೇ ಬರೆಯುವುದಿಲ್ಲ. ಹೊಸದೊಂದು ತಾತ್ಕಾಲಿಕ ಕಡತವನ್ನು ಬರೆದು, ಅದು ಪೂರ್ಣವಾದ ಮೇಲೆ ಹಳೆಯದರ ಹೆಸರನ್ನು ಹೊಸದಕ್ಕೆ ಇಡುತ್ತವೆ. ವಿದ್ಯುತ್ ಹೋದರೂ ಕಡತ ಅರೆಬರೆಯಾಗದಿರಲಿ ಎಂಬ ಸದುದ್ದೇಶ ಇದರ ಹಿಂದಿದೆ. ಆದರೆ ಹೆಸರು ಹಳೆಯದಾದರೂ ಕಡತ ಹೊಸದು. ತಂತ್ರಾಂಶವು ಗುಣಲಕ್ಷಣಗಳನ್ನು ನೆನಪಿಟ್ಟು ನಕಲಿಸದಿದ್ದರೆ ಅವು ಹಳೆಯ ಕಡತದೊಂದಿಗೆ ಅಳಿಯುತ್ತವೆ.

ಗುಣಲಕ್ಷಣಗಳು ಉಳಿದುಕೊಳ್ಳುವುದೂ ಕೆಲವೊಮ್ಮೆ ತೊಂದರೆಗೆ ಕಾರಣವಾಗುತ್ತದೆ. ಎಸ್‌ಇಲಿನಕ್ಸ್ ಜಾರಿಯಲ್ಲಿರುವ ಗಣಕದಲ್ಲಿ ಮನೆಕೋಶದ ಕಡತವೊಂದನ್ನು ಜಾಲತಾಣದ ಕೋಶಕ್ಕೆ ಸ್ಥಳಾಂತರಿಸಿದರೆ, 'ಇದು ಮನೆಕೋಶದ ಕಡತ' ಎಂಬ ಲೇಬಲ್ ಅದರೊಂದಿಗೆ ಬರುತ್ತದೆ. ಜಾಲತಾಣದ ಸರ್ವರ್ ಆ ಕಡತವನ್ನು ಓದಲು ಅನುಮತಿ ಸಿಗದೆ ನಿಲ್ಲುತ್ತದೆ.

ಸಾಧನಗಳು

ಗುಣಲಕ್ಷಣವನ್ನು ಬರೆಯಲು 'ಸೆಟ್‌ಎಫ್‌ಆಟರ್', ಓದಲು 'ಗೆಟ್‌ಎಫ್‌ಆಟರ್' ಎಂಬ ಆಜ್ಞೆಗಳಿವೆ. ಗೆಟ್‌ಎಫ್‌ಆಟರ್ ತಾನಾಗಿ ತೋರಿಸುವುದು ಯೂಸರ್ ವರ್ಗವನ್ನು ಮಾತ್ರ. ಬೇರೆ ವರ್ಗಗಳನ್ನು ನೋಡಬೇಕಾದರೆ ಸಣ್ಣ 'ಎಂ' ಆಯ್ಕೆಯೊಂದಿಗೆ ಒಂದು ಅಡ್ಡಗೆರೆಯನ್ನು ನೀಡಬೇಕು. ಪಟ್ಟಿ ಖಾಲಿಯಾಗಿ ಕಂಡ ಮಾತ್ರಕ್ಕೆ ಕಡತಕ್ಕೆ ಗುಣಲಕ್ಷಣಗಳೇ ಇಲ್ಲವೆಂದು ತೀರ್ಮಾನಿಸಬಾರದು. 'ಸಿಎಚ್‌ಆಟರ್' ಮತ್ತು 'ಎಲ್‌ಎಸ್‌ಆಟರ್' ಎಂಬ ಹೆಸರಿನ ಆಜ್ಞೆಗಳು ಇವುಗಳೊಂದಿಗೆ ಸಂಬಂಧವಿರುವಂತೆ ತೋರಿದರೂ ಅವು ನಿರ್ವಹಿಸುವುದು ಬೇರೆಯದನ್ನು: ಕಡತವನ್ನು ಬದಲಿಸಲಾಗದಂತೆ ಬಿಗಿಯುವ ಧ್ವಜಗಳನ್ನು. ಪುಸ್ತಕಗಳಲ್ಲಿಯೂ ಈ ಎರಡನ್ನು ಬೆರೆಸಿ ಬರೆದಿರುವುದು ಕಂಡುಬರುತ್ತದೆ.

ಸ್ವಯಂಚಾಲನ ಸಾಧನಗಳ ಪೈಕಿ ಆನ್ಸಿಬಲ್ ಪ್ರಸಿದ್ಧವಾದುದು. ಮೈಕೆಲ್ ಡಿಹಾನ್ 2012ರಲ್ಲಿ ಬಿಡುಗಡೆ ಮಾಡಿದ ಈ ಮುಕ್ತ ತಂತ್ರಾಂಶವನ್ನು 2015ರಲ್ಲಿ ರೆಡ್ ಹ್ಯಾಟ್ ಸಂಸ್ಥೆ ತನ್ನದಾಗಿಸಿಕೊಂಡಿತು. ಅರ್ಸುಲಾ ಲೆ ಗ್ವಿನ್ ಅವರ ವೈಜ್ಞಾನಿಕ ಕಾದಂಬರಿಯಲ್ಲಿ ಬರುವ, ನಕ್ಷತ್ರಗಳ ನಡುವೆ ಕ್ಷಣಮಾತ್ರದಲ್ಲಿ ಸಂದೇಶ ಮುಟ್ಟಿಸುವ ಯಂತ್ರದ ಹೆಸರನ್ನು ಇದಕ್ಕೆ ಇಡಲಾಗಿದೆ. ನಿರ್ವಹಿಸಬೇಕಾದ ಗಣಕಗಳಲ್ಲಿ ಆನ್ಸಿಬಲ್ ಅನ್ನೇ ಸ್ಥಾಪಿಸಬೇಕಿಲ್ಲ; ಸಾಮಾನ್ಯ ಲಿನಕ್ಸ್ ಗಣಕಗಳಲ್ಲಿ ಎಸ್‌ಎಸ್‌ಎಚ್ ಸಂಪರ್ಕ ಮತ್ತು ಪೈಥಾನ್ ಇದ್ದರೆ ಸಾಕು. ಆಗಬೇಕಾದ ಕೆಲಸಗಳನ್ನು ಯಾಮಲ್ ಎಂಬ ಸರಳ ಬರವಣಿಗೆಯಲ್ಲಿ ಪಟ್ಟಿ ಮಾಡಿದ ಕಡತವನ್ನು 'ಪ್ಲೇಬುಕ್' ಎನ್ನುತ್ತಾರೆ. ಪ್ಲೇಬುಕ್‌ನಲ್ಲಿ 'ಇದನ್ನು ಮಾಡು' ಎಂದು ಬರೆಯುವುದಕ್ಕಿಂತ 'ಸ್ಥಿತಿ ಹೀಗಿರಬೇಕು' ಎಂದು ಬರೆಯುವುದೇ ಹೆಚ್ಚು. ಸ್ಥಿತಿ ಈಗಾಗಲೇ ಹಾಗಿದ್ದರೆ ಆನ್ಸಿಬಲ್ ಏನನ್ನೂ ಮಾಡದೆ 'ಸರಿಯಿದೆ' ಎಂದು ವರದಿ ಮಾಡುತ್ತದೆ; ಇಲ್ಲದಿದ್ದರೆ ಸರಿಪಡಿಸಿ 'ಬದಲಾಯಿತು' ಎನ್ನುತ್ತದೆ. ಒಂದೇ ಪ್ಲೇಬುಕ್ಕನ್ನು ಎಷ್ಟು ಸಲ ನಡೆಸಿದರೂ ಅಂತಿಮ ಸ್ಥಿತಿ ಒಂದೇ ಆಗಿರಬೇಕೆಂಬುದು ಇದರ ಮೂಲತತ್ತ್ವ.

ಎಕ್ಸ್‌ಆಟರ್ ಮಾಡ್ಯೂಲ್

ಆನ್ಸಿಬಲ್‌ನ ಕೆಲಸಗಾರರೆನ್ನಬಹುದಾದ ಚಿಕ್ಕ ತಂತ್ರಾಂಶಗಳು ಮಾಡ್ಯೂಲ್‌ಗಳು. ವಿಸ್ತೃತ ಗುಣಲಕ್ಷಣಗಳಿಗೆ 'ಎಕ್ಸ್‌ಆಟರ್' ಎಂಬ ಹೆಸರಿನ ಮಾಡ್ಯೂಲ್ ಇದ್ದು, ಈಗ ಅದು 'ಕಮ್ಯುನಿಟಿ ಜನರಲ್' ಎಂಬ ಸಂಗ್ರಹದ ಭಾಗವಾಗಿದೆ. ಅದು ನೇರವಾಗಿ ತಿರುಳಿನೊಂದಿಗೆ ಮಾತನಾಡದೆ ಮೇಲೆ ಹೇಳಿದ ಗೆಟ್‌ಎಫ್‌ಆಟರ್ ಮತ್ತು ಸೆಟ್‌ಎಫ್‌ಆಟರ್ ಆಜ್ಞೆಗಳ ಮೂಲಕವೇ ಕೆಲಸ ಮಾಡಿಸುತ್ತದೆ. ಆದುದರಿಂದ ಆ ಆಜ್ಞೆಗಳು ಗುರಿ ಗಣಕದಲ್ಲಿ ಇರಲೇಬೇಕು. ಡೆಬಿಯನ್, ಉಬುಂಟು, ಫೆಡೋರಾ ಮುಂತಾದವುಗಳಲ್ಲಿ 'ಆಟರ್' ಎಂಬ ಪೊಟ್ಟಣದಲ್ಲಿ ಅವು ದೊರೆಯುತ್ತವೆ.

ಮಾಡ್ಯೂಲ್‌ಗೆ ನೀಡಬೇಕಾದ ವಿವರಗಳು ಕೆಲವೇ. 'ಪಾತ್' ಕಡತದ ಪೂರ್ಣ ವಿಳಾಸ. 'ನೇಮ್‌ಸ್ಪೇಸ್' ವರ್ಗ; ಹೇಳದಿದ್ದರೆ ಯೂಸರ್ ಎಂದು ತಿಳಿಯಲಾಗುತ್ತದೆ. 'ಕೀ' ಎಂಬಲ್ಲಿ ಗುಣಲಕ್ಷಣದ ಹೆಸರನ್ನು ವರ್ಗನಾಮವಿಲ್ಲದೆ ಬರೆಯಬೇಕು, ಏಕೆಂದರೆ ಮಾಡ್ಯೂಲ್ ತಾನೇ ವರ್ಗನಾಮವನ್ನು ಮುಂದೆ ಸೇರಿಸುತ್ತದೆ.  'ವ್ಯಾಲ್ಯೂ' ಮೌಲ್ಯ. 'ಸ್ಟೇಟ್' ಅಪೇಕ್ಷಿತ ಸ್ಥಿತಿ: ಇರಬೇಕು, ಇರಬಾರದು, ಓದಿ ಹೇಳು, ಹೆಸರುಗಳನ್ನಷ್ಟೇ ಹೇಳು, ಎಲ್ಲವನ್ನೂ ಹೇಳು ಎಂಬ ಐದರಲ್ಲಿ ಒಂದು, ಏನನ್ನೂ ಸೂಚಿಸದೆ, ಮೌಲ್ಯವನ್ನೂ ನೀಡದಿದ್ದರೆ ಓದುವುದಷ್ಟೇ ನಡೆಯುತ್ತದೆ. 'ಫಾಲೋ' ಎಂಬುದು ಸಾಂಕೇತಿಕ ಕೊಂಡಿಯನ್ನು ಹಿಂಬಾಲಿಸಿ ನಿಜವಾದ ಕಡತಕ್ಕೆ ಹೋಗಬೇಕೇ ಎಂಬುದನ್ನು ನಿರ್ಧರಿಸುತ್ತದೆ.

ಉಪ್ಪಿನಂಗಡಿಯ ನೆರೆಯ ಚಿತ್ರದ ಉದಾಹರಣೆಗೆ ಮರಳಿದರೆ, ಪ್ಲೇಬುಕ್‌ನಲ್ಲಿ 'ಈ ಚಿತ್ರಕ್ಕೆ ದಿನಾಂಕವೆಂಬ ಗುಣಲಕ್ಷಣ ಇರಬೇಕು, ಅದರ ಮೌಲ್ಯ 1974' ಎಂದು ಒಂದು ಕೆಲಸವನ್ನು ಬರೆದಂತಾಗುತ್ತದೆ. ಮಾಡ್ಯೂಲ್ ಮೊದಲು ಕಡತದ ಈಗಿನ ಮೌಲ್ಯವನ್ನು ಓದುತ್ತದೆ. ಅದು 1974 ಆಗಿದ್ದರೆ ಮುಟ್ಟುವುದಿಲ್ಲ. ಗುಣಲಕ್ಷಣವೇ ಇಲ್ಲದಿದ್ದರೆ ಅಥವಾ ಬೇರೆ ಮೌಲ್ಯವಿದ್ದರೆ ಬರೆಯುತ್ತದೆ. ಬರೆಯದೆ ಪರೀಕ್ಷೆಯನ್ನಷ್ಟೇ ಮಾಡುವ 'ಚೆಕ್' ವಿಧಾನದಲ್ಲಿ ಪ್ಲೇಬುಕ್ಕನ್ನು ನಡೆಸಿದರೆ ಯಾವ ಕಡತಗಳ ಷರಾ ಉದುರಿಹೋಗಿದೆ ಎಂಬ ಪಟ್ಟಿ ದೊರೆಯುತ್ತದೆ. ಸಂಗ್ರಹಪಾಲಕರಿಗೆ ಈ ಸಾಧನದ ಅತ್ಯಂತ ಬೆಲೆಯುಳ್ಳ ಉಪಯೋಗ ಇದೇ. ವಿವರಗಳ ಮೂಲಪ್ರತಿ ಪ್ಲೇಬುಕ್‌ನಲ್ಲಿಯೇ ಓದಬಲ್ಲ ಪಠ್ಯವಾಗಿ ಇರುವುದರಿಂದ, ಕಡತದ ಮೇಲಿನ ಚೀಟಿ ಬಿದ್ದುಹೋದರೂ ವಿವರ ನಾಶವಾಗುವುದಿಲ್ಲ.

ಅದೇ ಪ್ಲೇಬುಕ್ ಕಡತವನ್ನು ನಕಲಿಸುವ ಅಥವಾ ಅಚ್ಚಿನಿಂದ ತಯಾರಿಸುವ ಕೆಲಸವನ್ನೂ ಮಾಡುತ್ತಿದ್ದರೆ, ಗುಣಲಕ್ಷಣ ಬರೆಯುವ ಕೆಲಸವು ಅದರ ಅನಂತರ ಬರಬೇಕು. ಮೊದಲು ಷರಾ ಬರೆದು ಆಮೇಲೆ ಕಡತವನ್ನೇ ಬದಲಿಸಿದರೆ ಬರೆದದ್ದು ವ್ಯರ್ಥವಾಗುವ ಸಂಭವವಿದೆ.

ಕನ್ನಡ ಮೌಲ್ಯಗಳ ತೊಡಕು

ಮೌಲ್ಯವು '1974' ಎಂಬ ಅಂಕೆಯಾಗಿರುವವರೆಗೆ ಎಲ್ಲವೂ ಸುಸೂತ್ರ. ಅದೇ ಜಾಗದಲ್ಲಿ 'ಉಪ್ಪಿನಂಗಡಿ' ಎಂದು ಬರೆದರೆ ಆನ್ಸಿಬಲ್ ಪ್ರತಿ ಬಾರಿಯೂ 'ಬದಲಾಯಿತು' ಎಂದು ವರದಿ ಮಾಡುತ್ತದೆ. ಮೌಲ್ಯ ಸರಿಯಾಗಿಯೇ ಬರೆಯಲ್ಪಟ್ಟಿರುತ್ತದೆ, ಕಡತದಲ್ಲಿ ದೋಷವಿರುವುದಿಲ್ಲ. ಆದರೂ ಎರಡನೆಯ, ಹತ್ತನೆಯ, ನೂರನೆಯ ಸಲವೂ ಅದೇ ವರದಿ.

ಕಾರಣವು ಗೆಟ್‌ಎಫ್‌ಆಟರ್ ಮೌಲ್ಯವನ್ನು ತೋರಿಸುವ ರೀತಿಯಲ್ಲಿದೆ. ಗುಣಲಕ್ಷಣದ ಮೌಲ್ಯ ಪಠ್ಯವೇ ಆಗಿರಬೇಕೆಂದಿಲ್ಲ. ಯಾವುದೇ ಬೈಟ್‌ಗಳ ಸರಣಿ ಆಗಿರಬಹುದು. ಅಂತಹುದನ್ನು ಪರದೆಯ ಮೇಲೆ ಹಾಗೆಯೇ ಸುರಿದರೆ ಅನಾಹುತವಾದೀತೆಂದು ಗೆಟ್‌ಎಫ್‌ಆಟರ್ ಮೊದಲು ಬೈಟ್‌ಗಳನ್ನು ಒಂದೊಂದಾಗಿ ಪರೀಕ್ಷಿಸುತ್ತದೆ. ಮುದ್ರಿಸಬಹುದಾದ ಅಕ್ಷರವಲ್ಲವೆಂದು ತೋರಿದ ಬೈಟ್‌ಗಳು ಎಂಟರಲ್ಲಿ ಒಂದು ಪಾಲನ್ನು ಮೀರಿದರೆ, ಇದು ಪಠ್ಯವಲ್ಲವೆಂದು ಭಾವಿಸಿ ಮೌಲ್ಯವನ್ನು ಬೇಸ್64 ಎಂಬ ಸಂಕೇತಲಿಪಿಗೆ ಪರಿವರ್ತಿಸಿ, ಮುಂದೆ ಸೊನ್ನೆ ಮತ್ತು 'ಎಸ್' ಎಂಬ ಗುರುತನ್ನು ಹಚ್ಚಿ ತೋರಿಸುತ್ತದೆ. ಕನ್ನಡದ ಒಂದು ಸಂಕೇತ ಮೂರು ಬೈಟ್‌ಗಳಲ್ಲಿ ಹಂಚಿಹೋಗಿರುವುದರಿಂದ, ಒಂಟಿಯಾಗಿ ನೋಡಿದರೆ ಆ ಮೂರರಲ್ಲಿ ಯಾವುದೂ ಮುದ್ರಣಯೋಗ್ಯವೆನಿಸುವುದಿಲ್ಲ. ಹೀಗಾಗಿ ಶುದ್ಧ ಕನ್ನಡ ಪಠ್ಯವು ಈ ಆಜ್ಞೆಯ ದೃಷ್ಟಿಯಲ್ಲಿ ಪಠ್ಯವೇ ಅಲ್ಲ. 'ಉಪ್ಪಿನಂಗಡಿ'ಯ 30 ಬೈಟ್‌ಗಳು ಬೇಸ್64ರಲ್ಲಿ 40 ರೋಮನ್ ಅಕ್ಷರಗಳಾಗಿ ಕಾಣಿಸುತ್ತವೆ. ತಮಿಳು, ಮಲಯಾಳ, ದೇವನಾಗರಿ ಲಿಪಿಗಳ ಪಾಡೂ ಇದೇ.

ಎಕ್ಸ್‌ಆಟರ್ ಮಾಡ್ಯೂಲ್ ಆ 40 ಅಕ್ಷರಗಳ ಸರಣಿಯನ್ನು ಪ್ಲೇಬುಕ್‌ನಲ್ಲಿರುವ ಕನ್ನಡ ಪದದೊಂದಿಗೆ ಹೋಲಿಸುತ್ತದೆ. ಎರಡೂ ಒಂದೇ ಅಲ್ಲವಾದುದರಿಂದ ಮತ್ತೆ ಬರೆಯುತ್ತದೆ. ಹಾನಿ ಏನೂ ಇಲ್ಲವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಯಾವ ಕಡತದ ಷರಾ ನಿಜವಾಗಿ ಕಳೆದಿದೆ ಎಂದು ತಿಳಿಯಲು ಆ ವರದಿಯನ್ನೇ ನಂಬಿದವರಿಗೆ, ಎಲ್ಲ ಕಡತಗಳೂ ಸದಾ ಬದಲಾಗುತ್ತಿವೆ ಎನ್ನುವ ವರದಿ ನಿಷ್ಪ್ರಯೋಜಕ. ಇನ್ನೂರು ಚಿತ್ರಗಳ ಪೈಕಿ ಮೂರರ ಷರಾ ಉದುರಿದ್ದರೂ, ಒಂದರದ್ದೂ ಉದುರದಿದ್ದರೂ ಅದು ಹೇಳುವುದು ಇನ್ನೂರೆಂದೇ.

ಪರಿಹಾರ ಸುಲಭ. ಸೆಟ್‌ಎಫ್‌ಆಟರ್ ಆಜ್ಞೆಯು ಸೊನ್ನೆ ಮತ್ತು 'ಎಸ್' ಗುರುತಿನಿಂದ ಆರಂಭವಾಗುವ ಮೌಲ್ಯವನ್ನು ಬೇಸ್64 ಎಂದು ಗುರುತಿಸಿ, ಬಿಡಿಸಿ ಬರೆಯುತ್ತದೆ. ಆದುದರಿಂದ ಪ್ಲೇಬುಕ್‌ನಲ್ಲಿ ಕನ್ನಡ ಪದವನ್ನು ಕನ್ನಡದಲ್ಲಿಯೇ ಇಟ್ಟು, ಮಾಡ್ಯೂಲ್‌ಗೆ ನೀಡುವಾಗ ಆನ್ಸಿಬಲ್‌ನ 'ಬಿ64ಎನ್‌ಕೋಡ್' ಎಂಬ ಸೋಸುಕದ ಮೂಲಕ ಹಾಯಿಸಿ, ಮುಂದೆ ಆ ಗುರುತನ್ನು ಸೇರಿಸಿದರೆ ಸಾಕು. ಕಡತದಲ್ಲಿ ಉಳಿಯುವುದು ಕನ್ನಡ ಪಠ್ಯವೇ. ಓದುವಾಗ ಗೆಟ್‌ಎಫ್‌ಆಟರ್ ಕೊಡುವ ಬೇಸ್64 ರೂಪವೂ ಪ್ಲೇಬುಕ್ ಕೊಟ್ಟ ರೂಪವೂ ತಾಳೆಯಾಗುತ್ತವೆ. ಎರಡನೆಯ ಸಲದಿಂದ ವರದಿ 'ಸರಿಯಿದೆ' ಎಂದಾಗುತ್ತದೆ. ಆದರೆ ಇದು ಮೌಲ್ಯದ ಬಹುಪಾಲು ಕನ್ನಡದಲ್ಲಿರುವಾಗ ಸಲ್ಲುವ ಉಪಾಯ. ಅಂಕೆ ಅಥವಾ ಇಂಗ್ಲಿಷ್ ಮಾತ್ರವಿರುವ ಮೌಲ್ಯಕ್ಕೆ ಇದನ್ನು ಹಚ್ಚಿದರೆ ತೊಡಕು ತಿರುಗಿ ನಿಲ್ಲುತ್ತದೆ: ಗೆಟ್‌ಎಫ್‌ಆಟರ್ ಸಾದಾ ಪಠ್ಯವನ್ನು ಕೊಡುತ್ತದೆ, ಪ್ಲೇಬುಕ್ ಬೇಸ್64 ಅನ್ನು ಕೊಟ್ಟಿರುತ್ತದೆ. ಕೈಯಾರೆ ಪರಿಶೀಲಿಸುವವರು ಗೆಟ್‌ಎಫ್‌ಆಟರ್‌ಗೆ ಸಣ್ಣ 'ಇ' ಆಯ್ಕೆಯೊಂದಿಗೆ 'ಟೆಕ್ಸ್ಟ್' ಎಂದು ಸೂಚಿಸಿದರೆ ಕನ್ನಡವನ್ನು ಕನ್ನಡವಾಗಿಯೇ ಕಾಣಬಹುದು.

ಇತರ ವರ್ಗಗಳಿಗೆ ಪ್ರತ್ಯೇಕ ಮಾಡ್ಯೂಲ್‌ಗಳು

ಯೂಸರ್ ವರ್ಗದ ಹೊರಗೆ ಎಕ್ಸ್‌ಆಟರ್ ಮಾಡ್ಯೂಲನ್ನು ಬಳಸದಿರುವುದು ಲೇಸು. ಪ್ರವೇಶ ಪಟ್ಟಿಗೆ 'ಎಸಿಎಲ್' ಮಾಡ್ಯೂಲ್, ತಂತ್ರಾಂಶಗಳ ವಿಶೇಷ ಸಾಮರ್ಥ್ಯಕ್ಕೆ 'ಕೇಪಬಿಲಿಟೀಸ್' ಮಾಡ್ಯೂಲ್, ಎಸ್‌ಇಲಿನಕ್ಸ್ ಲೇಬಲ್‌ಗಳ ನಿಯಮಕ್ಕೆ 'ಎಸ್‌ಇಎಫ್‌ಕಾಂಟೆಕ್ಸ್ಟ್' ಮಾಡ್ಯೂಲ್ ಇವೆ. ಕೊನೆಯದು ನಿಯಮವನ್ನು ದಾಖಲಿಸುತ್ತದೆಯೇ ಹೊರತು ಈಗಾಗಲೇ ಇರುವ ಕಡತಗಳ ಲೇಬಲ್ ಬದಲಿಸುವುದಿಲ್ಲ. ಅದಕ್ಕೆ 'ರಿಸ್ಟೋರ್‌ಕಾನ್' ಆಜ್ಞೆಯನ್ನು ಬೇರೆಯಾಗಿ ನಡೆಸಬೇಕು.

ದೊಡ್ಡ ಸಂಗ್ರಹಗಳು

ಆನ್ಸಿಬಲ್ ಪ್ರತಿಯೊಂದು ಕಡತಕ್ಕೂ ಮಾಡ್ಯೂಲನ್ನು ಹೊಸದಾಗಿ ನಡೆಸುವುದರಿಂದ, ಸಾವಿರಾರು ಕಡತಗಳ ಪಟ್ಟಿಯನ್ನು ಆವರ್ತಿಸಿದರೆ ಬಹಳ ನಿಧಾನವಾಗುತ್ತದೆ. ಅಂತಹಲ್ಲಿ ಬೇರೊಂದು ದಾರಿ ಉತ್ತಮ. ಗೆಟ್‌ಎಫ್‌ಆಟರ್ ಒಂದು ಕೋಶದ ಮತ್ತು ಅದರ ಒಳಕೋಶಗಳ ಎಲ್ಲ ಕಡತಗಳ ಗುಣಲಕ್ಷಣಗಳನ್ನು ಒಂದೇ ಪಠ್ಯ ಕಡತದಲ್ಲಿ ಇಳಿಸಿಕೊಡಬಲ್ಲದು. ಸೆಟ್‌ಎಫ್‌ಆಟರ್ ತನ್ನ 'ರಿಸ್ಟೋರ್' ಆಯ್ಕೆಯ ಮೂಲಕ ಆ ಪಠ್ಯವನ್ನು ಓದಿ ಎಲ್ಲವನ್ನೂ ಒಮ್ಮೆಗೇ ಮರುಸ್ಥಾಪಿಸಬಲ್ಲದು. ಈ ಪಠ್ಯ ಕಡತವನ್ನು ಆನ್ಸಿಬಲ್ ಮೂಲಕ ಗಣಕಗಳಿಗೆ ಹಂಚಿ, ಒಂದೇ ಆಜ್ಞೆಯಿಂದ ಮರುಸ್ಥಾಪಿಸುವುದು ಶೀಘ್ರವಾದ ಕ್ರಮ. ಸಾದಾ ಆಜ್ಞೆಗಳನ್ನು ನಡೆಸುವ ಮಾಡ್ಯೂಲ್ ಬದಲಾವಣೆ ಆಗಿದೆಯೇ ಇಲ್ಲವೇ ಎಂದು ತಾನಾಗಿ ತಿಳಿಯಲಾರದು, ಆದುದರಿಂದ ಹೋಲಿಕೆಯನ್ನು ಬೇರೆಯಾಗಿ ಮಾಡಿಕೊಳ್ಳಬೇಕಾಗುತ್ತದೆ. ಪಠ್ಯ ಕಡತದ ಒಂದು ಪ್ರತಿ ಪೆನ್ ಡ್ರೈವ್‌ನಲ್ಲಿಯೂ ಸುರಕ್ಷಿತ, ಏಕೆಂದರೆ ಅಲ್ಲಿ ಅದು ಸಾಮಾನ್ಯ ಪಠ್ಯವೇ. ಆದರೆ ಮರುಸ್ಥಾಪನೆ ಕಡತಗಳ ಹೆಸರಿನ ಆಧಾರದಿಂದ ನಡೆಯುವುದರಿಂದ, ನಡುವೆ ಹೆಸರು ಬದಲಿಸಿದ ಕಡತಗಳಿಗೆ ಅವುಗಳ ಷರಾ ಮರಳಿ ದೊರೆಯುವುದಿಲ್ಲ.

ಖಾಸಗಿತನ

ಗುಣಲಕ್ಷಣಗಳು ಕಣ್ಣಿಗೆ ಕಾಣದಿರುವುದರಿಂದ ಅವುಗಳಲ್ಲಿ ಏನಿದೆ ಎಂಬುದನ್ನು ಬಳಕೆದಾರರು ಮರೆಯುತ್ತಾರೆ, ಅಥವಾ ತಿಳಿದೇ ಇರುವುದಿಲ್ಲ. ಅಂತರಜಾಲದಿಂದ ಕಡತಗಳನ್ನು ಇಳಿಸುವ 'ಡಬ್ಲ್ಯುಗೆಟ್' ತಂತ್ರಾಂಶದ ಕೆಲವು ಆವೃತ್ತಿಗಳು ಕಡತವು ಬಂದ ಜಾಲವಿಳಾಸವನ್ನು ತಾವಾಗಿಯೇ ಯೂಸರ್ ವರ್ಗದಲ್ಲಿ ಬರೆದಿಡುತ್ತಿದ್ದವು. ವಿಳಾಸದಲ್ಲಿಯೇ ಬಳಕೆದಾರನ ಹೆಸರು ಮತ್ತು ಗುಪ್ತಪದ ಅಡಕವಾಗಿದ್ದ ಸಂದರ್ಭಗಳಲ್ಲಿ ಅವೂ ದಾಖಲಾಗುತ್ತಿದ್ದವು. ಕಡತವನ್ನು ಓದಬಲ್ಲ ಬೇರೆ ಬಳಕೆದಾರರು ಅವುಗಳನ್ನು ನೋಡಬಹುದಾಗಿತ್ತು. 2018ರಲ್ಲಿ ಇದನ್ನು ಭದ್ರತಾ ದೋಷವೆಂದು ದಾಖಲಿಸಿ, ಆ ನಡವಳಿಕೆಯನ್ನು ಬಳಕೆದಾರನು ಕೇಳಿದರೆ ಮಾತ್ರ ನಡೆಯುವಂತೆ ಬದಲಿಸಲಾಯಿತು. ಸಂಗ್ರಹವೊಂದನ್ನು ಸಾರ್ವಜನಿಕರಿಗೆ ನೀಡುವ ಮುನ್ನ ಎಕ್ಸ್‌ಆಟರ್ ಮಾಡ್ಯೂಲಿನ 'ಎಲ್ಲವನ್ನೂ ಹೇಳು' ಸ್ಥಿತಿಯಿಂದ ಪ್ರತಿಯೊಂದು ಕಡತದ ಪಟ್ಟಿ ಪಡೆದು, ಜಾಲವಿಳಾಸ ಹೊತ್ತಿರುವ ಗುಣಲಕ್ಷಣಗಳನ್ನೂ ಚಿತ್ರ ಒದಗಿಸಿದ ಮನೆಯವರ ದೂರವಾಣಿ ಸಂಖ್ಯೆಯಂತಹ ಖಾಸಗಿ ಷರಾಗಳನ್ನೂ 'ಇರಬಾರದು' ಎಂಬ ಸ್ಥಿತಿಯಿಂದ ತೆಗೆದುಹಾಕಬಹುದು. ಆ ಪಟ್ಟಿಯಲ್ಲಿ ಕನ್ನಡದ ಷರಾಗಳು ಬೇಸ್64ರಲ್ಲಿಯೇ ಬರುವುದರಿಂದ, ಅವುಗಳನ್ನು ಬಿಡಿಸಿ ಓದದೆ ಪರಿಶೀಲನೆ ಮುಗಿಯಿತೆಂದು ತಿಳಿಯುವಂತಿಲ್ಲ.